ರಾಣಿಯ ಗಂಡ ಸತ್ತ ವಾರ

ಮೇಡಂ ಬರೆದದ್ದು ಒಂದೇ ಒಂದು ಪುಸ್ತಕ. ರಷ್ಯಾವನ್ನು ಮೂವತ್ತು ಚಿಲ್ಲರೆ ವರ್ಷ ಆಳಿದ ರಾಣಿಯೊಬ್ಬಳ ಬಗ್ಗೆ ನಾನೂರು ಪುಟದ ಐತಿಹಾಸಿಕ ಕಾದಂಬರಿ. ಅದು ಚೆನ್ನಾಗಿಲ್ಲ. ತೀರಿಕೊಂಡವರ ಬಗ್ಗೆ ಬರೆಯುವಾಗ ಮೊದಲು ಹೊಗಳಬೇಕು ಅನ್ನುವುದು ನನಗೂ ಗೊತ್ತು. ಆದರೆ ಅವರು ಬದುಕಿದ್ದಾಗಲೇ ನಾನು ಆ ಪುಸ್ತಕವನ್ನು ಬೇಕಾದಷ್ಟು ಹೊಗಳಿ ಮುಗಿಸಿದ್ದೇನೆ, ಅದೂ ಮೈಕು ಹಿಡಿದು. ಆ ಹೊಗಳಿಕೆ ಒಬ್ಬ ಹೆಂಗಸಿನ ಬದುಕಿಗೆ ಏನು ಮಾಡಿತು ಎಂಬುದನ್ನು ಬಿಟ್ಟು ಮೇಡಂ ಬಗ್ಗೆ ಬೇರೆ ಏನು ಬರೆದರೂ ಅದು ಸುಳ್ಳಾಗುತ್ತದೆ.

ನಮ್ಮ ಕಾರ್ಖಾನೆ ಆಗ ಹೂಡಿಯಲ್ಲಿತ್ತು. ಸುತ್ತಮುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದವು. ನಡುವೆ ನಮ್ಮದೊಂದು ತಗಡಿನ ಶೆಡ್ಡು, ನೂರರ ಆಸುಪಾಸು ಜನ, ದ್ವಿಚಕ್ರ ವಾಹನಗಳಿಗೆ ಬೇಕಾದ ಸಣ್ಣಪುಟ್ಟ ಕಬ್ಬಿಣದ ಬಿಡಿಭಾಗಗಳು. ಮೇಡಂ ದೊಡ್ಡ ಕಾರ್ಖಾನೆಯೊಂದರಲ್ಲಿ ಇಪ್ಪತ್ತೈದು ವರ್ಷ ದುಡಿದು, ಅಲ್ಲಿ ವಿಆರ್‌ಎಸ್ ತೆಗೆದುಕೊಂಡು, ನಮ್ಮಲ್ಲಿಗೆ ಕ್ವಾಲಿಟಿ ವಿಭಾಗದ ಮುಖ್ಯಸ್ಥೆಯಾಗಿ ಬಂದರು. ಅವರ ಕೈಕೆಳಗೆ ಇದ್ದದ್ದು ನಾನೊಬ್ಬ.

ಎತ್ತರದ, ಸ್ವಲ್ಪ ಬಾಗಿದ ಆಳು. ಹತ್ತಿಯ ಸೀರೆಯ ಮೇಲೆ ಬೂದು ಬಣ್ಣದ ಕೋಟು, ತುರುಬಿನಲ್ಲಿ ಪೆನ್ಸಿಲ್. ಅದು ತುರುಬಿನಲ್ಲಿರುವುದನ್ನು ಮರೆತು ದಿನಕ್ಕೆರಡು ಸಲ ಟೇಬಲ್ಲೆಲ್ಲ ಹುಡುಕುತ್ತಿದ್ದರು. ನಾನು ಹೇಳುತ್ತಿರಲಿಲ್ಲ. ಹುಡುಕಾಡಿ ಸುಸ್ತಾಗಿ ತಲೆ ಮುಟ್ಟಿಕೊಂಡು, "ಕತ್ತೆ, ನೋಡ್ತಾ ಕೂತಿದ್ಯಲ್ಲೋ, ಹೇಳೋಕೇನಾಗಿತ್ತು ನಿಂಗೆ?" ಎಂದು ಬೈಯುತ್ತಿದ್ದರು. ಈ ಬೈಗುಳಕ್ಕಾಗಿಯೇ ನಾನು ಸುಮ್ಮನಿರುತ್ತಿದ್ದೆ.

ಬೆಳಿಗ್ಗೆ ಯಾವ ಯಂತ್ರವೂ ಅವರ ಅಪ್ಪಣೆಯಿಲ್ಲದೆ ಓಡುವಂತಿರಲಿಲ್ಲ. ಪ್ರತಿ ಯಂತ್ರದಿಂದಲೂ ಆ ದಿನದ ಮೊದಲ ಪೀಸು ಅವರ ಟೇಬಲ್ಲಿಗೆ ಬರಬೇಕು. ಅವರು ಅದನ್ನು ಅಂಗೈಯಲ್ಲಿ ಆಡಿಸಿ, ಅಂಚಿಗೆ ಹೆಬ್ಬೆರಳು ಸವರಿ, ಆಮೇಲೆ ಅಳತೆ ಹಿಡಿದು ನೋಡಬೇಕು. ನಂತರ ಯಂತ್ರದ ಹತ್ತಿರ ತಾವೇ ಹೋಗಿ, ಒಂದು ಸುತ್ತು ಹಾಕಿ, ಚೆಕ್ ಶೀಟ್ ಎಂಬ ಹಾಳೆಯಲ್ಲಿ ಸಹಿ ಹಾಕಬೇಕು. ಕೆಳಗೆ ಎರಡನೇ ಸಹಿ ನನ್ನದು. ಸರಿಯಿದ್ದರೆ ನೀಲಿ ಶಾಯಿ, ಇಲ್ಲದಿದ್ದರೆ ಕೆಂಪು. ಕೆಂಪು ಬಿದ್ದರೆ ಯಂತ್ರ ನಿಲ್ಲಬೇಕು. ಪ್ರೊಡಕ್ಷನ್ ಮ್ಯಾನೇಜರಿಗೂ ಅವರಿಗೂ ದಿನಾ ಇದೇ ಜಗಳ.

ನಾನು ಹೊಸದರಲ್ಲಿ ಎಲ್ಲದಕ್ಕೂ ಓಕೆ ಅನ್ನುತ್ತಿದ್ದೆ. ಅವರು ಕೂಗಾಡಲಿಲ್ಲ. ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ತೆರೆದಾಗ ಎದುರಿಗೆ ಬಂದು ಕುಳಿತು, ನಾನು ಪಾಸು ಮಾಡಿದ್ದ ಸೊಟ್ಟ ಪೀಸೊಂದನ್ನು ಚಿತ್ರಾನ್ನದ ಪಕ್ಕ ಇಟ್ಟರು.

"ಇದನ್ನ ನಿಮ್ಮಪ್ಪನ ಗಾಡಿಗೆ ಹಾಕ್ತೀಯಾ?"

"ಇಲ್ಲ ಮೇಡಂ."

"ಮತ್ತೆ ಬೇರೆಯವರಪ್ಪನ ಗಾಡಿಗೆ ಯಾಕೋ ಹಾಕ್ತೀಯ? ಓಕೆ ಅನ್ನೋಕೆ ಬಾಯಿ ಇದ್ರೆ ಸಾಕು. ಯಾಕೆ ಓಕೆ ಅಂತ ಹೇಳೋಕೆ ತಲೆ ಬೇಕು."

ಅವರಿಗೆ ರಷ್ಯನ್ ಬರುತ್ತಿತ್ತು. ಹಳೆಯ ಕಾರ್ಖಾನೆಗೆ ರಷ್ಯಾದಿಂದ ಯಂತ್ರಗಳು ಬಂದಾಗ, ಜೊತೆಯಲ್ಲಿ ಬಂದ ಪುಸ್ತಕಗಳನ್ನು ಓದುವವರಿಲ್ಲದೆ, ಮೂವರನ್ನು ಸಂಜೆಯ ತರಗತಿಗೆ ಕಳಿಸಿದರಂತೆ. ಇಬ್ಬರು ತಿಂಗಳಿಗೇ ಕೈಚೆಲ್ಲಿದರು, ಇವರು ಬಿಡಲಿಲ್ಲ. ಸಿಟ್ಟು ಬಂದಾಗ ರಷ್ಯನ್ನಿನಲ್ಲಿ ಒಂದರಿಂದ ಹತ್ತು ಎಣಿಸುತ್ತಿದ್ದರು. ಆರಕ್ಕೆ ಬರುವಷ್ಟರಲ್ಲಿ ನಾವೆಲ್ಲ ಜಾಗ ಖಾಲಿ ಮಾಡುತ್ತಿದ್ದೆವು. ಆ ಭಾಷೆಯ ಹಿಂದೆಯೇ ಆ ರಾಣಿಯೂ ಅವರ ಮನೆ ಹೊಕ್ಕಿದ್ದಳು. ಊಟದ ಹೊತ್ತಿಗೆ ಅವಳದೇ ಮಾತು. "ಹದಿನಾಲ್ಕು ವರ್ಷದ ಹುಡುಗಿ ಕಣೋ. ಜರ್ಮನಿಯ ಯಾವುದೋ ಚಿಲ್ಲರೆ ಸಂಸ್ಥಾನದಿಂದ ಬಂದೋಳು. ಭಾಷೆ ಬರಲ್ಲ, ಗಂಡ ಮುಖ ನೋಡಲ್ಲ, ಅರಮನೇಲಿ ಒಬ್ರೂ ತನ್ನೋರಿಲ್ಲ. ಅಂಥೋಳು ಆ ದೇಶಾನೇ ಆಳಿದ್ಲು!" ಹೀಗೆ ಹೇಳುವಾಗ ಅವರ ಧ್ವನಿಯಲ್ಲಿ ಅಕ್ಕನೊಬ್ಬಳು ತಂಗಿಯ ರ‍್ಯಾಂಕಿನ ಬಗ್ಗೆ ಹೇಳುವ ಹೆಮ್ಮೆ ಇರುತ್ತಿತ್ತು. ಅವರ ಸ್ವಂತ ಮದುವೆಯ ಬಗ್ಗೆ ನಮಗೆ ಗೊತ್ತಿದ್ದದ್ದು ಇಷ್ಟೇ: ಒಂದು ಆಗಿತ್ತು, ಮುಗಿದಿತ್ತು. ಕಾರ್ಖಾನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು.

ಇನ್ನು ಹನುಮಂತನ ವಿಷಯ. ಕೊಪ್ಪಳದ ಕಡೆಯವನು. ಬಿಡಿಭಾಗಗಳ ಎಣ್ಣೆ ಜಿಡ್ಡನ್ನು ನೀರಿನಲ್ಲಿ ತೊಳೆಯುವ ಯಂತ್ರ ಅವನದು. ಹೆಂಡತಿ ನೀಲವ್ವನ ಜೊತೆ ಪಟ್ಟಂದೂರು ಅಗ್ರಹಾರದಲ್ಲಿ ಒಂದು ಬಾಡಿಗೆ ಕೋಣೆ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಆ ಊರಿನ ಗೌಡರು ಸಾಲಾಗಿ ಕಟ್ಟಿಸಿದ್ದ ಹನ್ನೆರಡು ಕೋಣೆಗಳಲ್ಲಿ ಅದೊಂದು. ಹನುಮಂತ ಗಟ್ಟಿಮುಟ್ಟಾದ ಆಳು, ಒಂದು ದಿನವೂ ತಲೆನೋವೆಂದು ಕೂತವನಲ್ಲ.

ಒಂದು ಸೋಮವಾರ ಬೆಳಿಗ್ಗೆ ಮೇಡಂ ಆ ಯಂತ್ರದ ಅಂಚು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು. ಜುಮ್ಮೆಂದಿತಂತೆ. ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದರು: "ಮೈಗೆ ಕರೆಂಟ್ ತಾಗುತ್ತಿದೆ. ಅರ್ಥಿಂಗ್ ಸರಿಮಾಡುವ ತನಕ ಓಡಿಸಕೂಡದು." ನಾನು ಕೆಳಗೆ ಸಹಿ ಹಾಕಿದೆ. ಆ ವಾರ ಮಾಲು ಕಳಿಸುವ ಅವಸರ. ಮೇಡಂ ಬೆನ್ನು ತಿರುಗಿಸಿದ ಮೇಲೆ ಮ್ಯಾನೇಜರು ಯಂತ್ರ ಓಡಿಸಿದರು. ಮಂಗಳವಾರವೂ ಕೆಂಪು, ಬುಧವಾರವೂ ಕೆಂಪು, ಎರಡು ದಿನವೂ ಯಂತ್ರ ಓಡಿತು. ಗುರುವಾರ ಬೆಳಿಗ್ಗೆಯೂ ಕೆಂಪು. ಹನ್ನೊಂದು ಗಂಟೆಗೆ ಒದ್ದೆ ನೆಲದ ಮೇಲೆ ನಿಂತಿದ್ದ ಹನುಮಂತ ಯಂತ್ರಕ್ಕೆ ಅಂಟಿಕೊಂಡ. ಯಾರೋ ಮೇನ್ ಸ್ವಿಚ್ ಎಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಒಯ್ದರು. ಅಲ್ಲಿ ಹೃದಯಾಘಾತ ಎಂದು ಬರೆದುಕೊಟ್ಟರು. ಮಧ್ಯಾಹ್ನಕ್ಕೆಲ್ಲ ಆಂಬುಲೆನ್ಸ್ ಗೊತ್ತುಮಾಡಿ, ನೀಲವ್ವನನ್ನು ಕೂರಿಸಿ, ಹೆಣವನ್ನು ಊರಿಗೆ ಸಾಗಿಸಿದರು. ಪೊಲೀಸು, ಪೋಸ್ಟ್‌ಮಾರ್ಟಂ ಯಾವುದೂ ಆಗಲಿಲ್ಲ. ನೀಲವ್ವನಿಗೆ ಹೇಳಿದ್ದು, ನಿನ್ನ ಗಂಡನಿಗೆ ಹಾರ್ಟ್ ವೀಕಿತ್ತಮ್ಮ ಎಂದು.

ಶುಕ್ರವಾರ ಕಾರ್ಖಾನೆಯ ಯಜಮಾನರು ನಮ್ಮಿಬ್ಬರನ್ನೂ ಕರೆಸಿದರು. ಟೇಬಲ್ ಮೇಲೆ ನಾಲ್ಕು ಖಾಲಿ ಚೆಕ್ ಶೀಟ್ ಇದ್ದವು. ಹಳೆಯವು ಆಗಲೇ ಹರಿದು ಬುಟ್ಟಿ ಸೇರಿದ್ದವು. ಅವರು ಗದರಿಸಲಿಲ್ಲ, ಬಹಳ ಮೆತ್ತಗೆ ಮಾತಾಡಿದರು. "ಆಗಿದ್ದು ಆಗೋಯ್ತು ಮೇಡಂ. ಫ್ಯಾಕ್ಟರಿ ಮುಚ್ಚಿದ್ರೆ ನೂರು ಮನೆ ಒಲೆ ಆರುತ್ತೆ. ನೀವೇ ಹೇಳಿ, ಏನ್ಮಾಡೋಣ?"

ಮೇಡಂ ಹತ್ತರ ತನಕ ಎಣಿಸುತ್ತಾರೆಂದು ಕಾದೆ. ಎಣಿಸಲಿಲ್ಲ. ನೀಲಿ ಪೆನ್ನು ಕೇಳಿ ತೆಗೆದುಕೊಂಡು, ಸೋಮವಾರದಿಂದ ಗುರುವಾರದವರೆಗೆ ನಾಲ್ಕು ದಿನಕ್ಕೂ ಎಲ್ಲ ಸರಿಯಿದೆ ಎಂದು ಬರೆದರು. ಹಾಳೆಗಳನ್ನು ನನ್ನ ಕಡೆ ಸರಿಸಿದರು. ನಾನೂ ಸಹಿ ಹಾಕಿದೆ. ಮುಗಿಯಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ಆ ಮಧ್ಯಾಹ್ನ ಅವರು ಒಂದು ಇಡೀ ಟ್ರೇ ಮಾಲನ್ನು ರಿಜೆಕ್ಟ್ ಮಾಡಿದರು. ನಾನು ಎರಡೆರಡು ಸಲ ಅಳೆದು ನೋಡಿದೆ. ಅದರಲ್ಲಿ ಒಂದಕ್ಕೂ ಏನೂ ಆಗಿರಲಿಲ್ಲ. ಆ ಹಾಳೆಗೂ ಎರಡನೇ ಸಹಿ ಹಾಕಿದೆ.

ಒಂದೂವರೆ ತಿಂಗಳಿಗೆ ನೀಲವ್ವ ಒಬ್ಬಳೇ ವಾಪಸು ಬಂದಳು. ಅತ್ತೆ ಹೊರಗೆ ಹಾಕಿದ್ದಳು. ಎದೆನೋವಿದ್ದ ಮಗನನ್ನು ದುಡಿಯಲು ಹಚ್ಚಿ ಸಾಯಿಸಿದವಳು ಎಂಬ ಮಾತು ಊರೆಲ್ಲ ಹಬ್ಬಿತ್ತಂತೆ. ಯಜಮಾನರು ಅವಳಿಗೆ ಕಸ ಗುಡಿಸುವ, ಟೇಬಲ್ ಒರೆಸುವ, ಚಹಾ ಕೊಡುವ ಕೆಲಸ ಕೊಟ್ಟರು. ಅವರದು ಎಷ್ಟು ದೊಡ್ಡ ಮನಸ್ಸು ಎಂದು ಎಲ್ಲರೂ ಹೇಳಿದರು. ನಾನೂ ಹೇಳಿರಬೇಕು. ಹನುಮಂತ ಕರೆಂಟ್ ಹೊಡೆದು ಸತ್ತನೆಂದು ಹೇಳಿ ಈ ಹೆಂಗಸಿನ ಮೇಲಿನ ಅಪವಾದ ತೊಡೆಯಲು, ಅವಳಿಗೆ ಸಿಗಬೇಕಾದ ಪರಿಹಾರ ಸಿಗುವಂತೆ ಮಾಡಲು ಸಾಧ್ಯವಿದ್ದವರು ಹಾಳೆಗೆ ಸಹಿ ಹಾಕಿದ್ದ ನಾವಿಬ್ಬರೇ. ಕಣ್ಣಾರೆ ಕಂಡ ಉಳಿದವರು ಕೆಲಸ ಹೋಗುವ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದರು. ದಿನಕ್ಕೆರಡು ಸಲ ಅವಳ ಕೈಯಿಂದ ಚಹಾ ತೆಗೆದುಕೊಂಡು ಕುಡಿಯುತ್ತಿದ್ದೆವು.

ಮೇಡಂ ಕಾದಂಬರಿಗೆ ಪಟ್ಟು ಹಿಡಿದು ಕೂತದ್ದು ಆಮೇಲೆಯೇ. ಅಲ್ಲಿಯವರೆಗೆ ಅದು ಬರೀ ಬಾಯಿಮಾತು, ಒಂದಿಷ್ಟು ಟಿಪ್ಪಣಿ. ಈಗ ಊಟದ ಹೊತ್ತಿನಲ್ಲೂ ಬರೆಯತೊಡಗಿದರು. ಮಾತು ಕಡಿಮೆಯಾಯಿತು, ಬೈಗುಳವೂ ಕಡಿಮೆಯಾಯಿತು. ಪೆನ್ಸಿಲ್ ಕಳೆದರೆ ಹುಡುಕದೆ ಇನ್ನೊಂದು ತೆಗೆದುಕೊಳ್ಳುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಒಂದು ದಸರಾ ರಜೆಯ ಹಿಂದಿನ ದಿನ ಹಸ್ತಪ್ರತಿಯ ಕಟ್ಟನ್ನು ನನ್ನ ಟೇಬಲ್ ಮೇಲಿಟ್ಟರು, ಜೊತೆಗೊಂದು ಕೆಂಪು ಪೆನ್ಸಿಲ್. ನಾನು ಕಾರ್ಖಾನೆಯ ಕನ್ನಡ ಸಂಘದ ಕಾರ್ಯದರ್ಶಿ, ಒಂದೆರಡು ಪತ್ರಿಕೆಗಳಿಗೆ ಪುಸ್ತಕ ಪರಿಚಯ ಬರೆದು ಸಾಹಿತಿಯ ಗತ್ತು ಬೆಳೆಸಿಕೊಂಡಿದ್ದವನು.

"ಓದು. ಹೊಗಳಬೇಡ, ಹೊಗಳಿಕೆ ನಂಗೆ ಬೇಡ. ಎಲ್ಲಿ ಕೆಟ್ಟಿದೆಯೋ ಅಲ್ಲಿ ಗೀಟು ಹಾಕು. ನಿನ್ನ ಬಿಟ್ರೆ ಇದನ್ನ ಹೇಳೋರು ಯಾರೂ ಇಲ್ಲ ಕಣೋ."

ಆ ಕೊನೆಯ ಮಾತನ್ನು ನಾನು ನನ್ನ ಸಾಹಿತ್ಯಜ್ಞಾನಕ್ಕೆ ಸಿಕ್ಕ ಮರ್ಯಾದೆ ಎಂದುಕೊಂಡೆ. ಎಂಥ ಮೂರ್ಖ ನಾನು.

ರಜೆಯಲ್ಲಿ ಪೂರ್ತಿ ಓದಿದೆ. ಮೊದಲ ಮೂವತ್ತು ಪುಟ ಅದ್ಭುತವಾಗಿತ್ತು. ಹಿಮದ ಬಂಡಿಯಲ್ಲಿ ಹುಡುಗಿ, ಪಕ್ಕದಲ್ಲಿ ದುರಾಸೆಯ ತಾಯಿ, ಕಾಲು ಊದಿಕೊಂಡು ಇಳಿಯಲಾಗದೆ ಸೇವಕರು ಎತ್ತಿ ಇಳಿಸುವುದು. ಮೇಡಂ ನಿಜಕ್ಕೂ ಲೇಖಕಿ ಎಂದು ರೋಮಾಂಚನವಾಯಿತು. ಹುಡುಗಿ ಹೊಸ ಭಾಷೆ ಕಲಿಯುವ ಅಧ್ಯಾಯದಲ್ಲಿ ನಗುವೂ ಇತ್ತು. ಗಂಡ ಪಟ್ಟಕ್ಕೆ ಬರುತ್ತಾನೆ, ಹೆಂಡತಿ ಸೈನಿಕರನ್ನು ಕಟ್ಟಿಕೊಂಡು ಅವನನ್ನು ಇಳಿಸುತ್ತಾಳೆ, ಅವನು ಸೆರೆಯಾಗುತ್ತಾನೆ. ಇಲ್ಲಿಂದ ಮುಂದೆ ಕಾದಂಬರಿ ಏರಬೇಕು. ನಾನು ಉಸಿರು ಹಿಡಿದುಕೊಂಡು ಹನ್ನೊಂದನೇ ಅಧ್ಯಾಯಕ್ಕೆ ಬಂದೆ. ಅಲ್ಲಿ ಹೀಗಿತ್ತು:

"ಆ ವಾರ ಅರಸರು ಉದರಶೂಲೆಯಿಂದ ಅಸ್ವಸ್ಥರಾಗಿ, ವೈದ್ಯರ ಪ್ರಯತ್ನ ಫಲಿಸದೆ ನಿಧನರಾದರು. ಸಾಮ್ರಾಜ್ಞಿಯವರು ತೀವ್ರ ದುಃಖ ವ್ಯಕ್ತಪಡಿಸಿದರು. ಮರುದಿನದಿಂದ ಶಾಲೆಗಳ ಸುಧಾರಣೆಯನ್ನು ಕೈಗೆತ್ತಿಕೊಂಡರು."

ಅಷ್ಟೇ, ಮುಂದಿನ ಪ್ಯಾರಾದಲ್ಲಿ ಶಾಲೆಗಳು. ಸೆರೆಯಲ್ಲಿದ್ದ ಆ ಗಂಡನನ್ನು ಕಾವಲಿಗಿದ್ದ ರಾಣಿಯ ಕಡೆಯವರೇ ಕೊಂದರು, ಹೊಟ್ಟೆನೋವು ಎಂಬುದು ಅರಮನೆ ಹೊರಡಿಸಿದ ಪ್ರಕಟಣೆ ಮಾತ್ರ ಎಂದು ಶಾಲೆಯ ಇತಿಹಾಸ ಓದಿದ ನನಗೇ ಗೊತ್ತಿತ್ತು. ರಷ್ಯನ್ ಓದುವ ಮೇಡಂಗೆ ಗೊತ್ತಿರಲಿಲ್ಲವೇ? ಅವರೇ ಊಟದ ಹೊತ್ತಿನಲ್ಲಿ ಅದನ್ನು ಬಣ್ಣಿಸಿ ಹೇಳಿದ್ದರು. ಈಗ ಆ ಪ್ರಕಟಣೆಯನ್ನೇ ಕನ್ನಡ ಮಾಡಿ ಅಧ್ಯಾಯ ಮುಗಿಸಿದ್ದರು. ಅಲ್ಲಿಂದ ಮುಂದೆ ಇನ್ನೂರೆಪ್ಪತ್ತು ಪುಟ ರಾಣಿ ಬರೀ ಒಳ್ಳೆಯ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಐದಕ್ಕೆ ಏಳುತ್ತಾಳೆ. ಶಾಲೆ ತೆರೆಯುತ್ತಾಳೆ, ಆಸ್ಪತ್ರೆ ತೆರೆಯುತ್ತಾಳೆ, ಸಿಡುಬಿನ ಲಸಿಕೆ ಮೊದಲು ತಾನೇ ಹಾಕಿಸಿಕೊಳ್ಳುತ್ತಾಳೆ. ಅರಮನೆಯ ಕಿಟಕಿಗಳ ಉದ್ದಗಲ ಇಂಚಿನ ಲೆಕ್ಕದಲ್ಲಿ ಬರುತ್ತದೆ. ಯಾರೂ ಜಗಳವಾಡುವುದಿಲ್ಲ, ಯಾರಿಗೂ ಸಿಟ್ಟು ಬರುವುದಿಲ್ಲ, ರಾಣಿ ಒಂದು ತಪ್ಪನ್ನೂ ಮಾಡುವುದಿಲ್ಲ. ಓದಿ ಓದಿ ತಲೆ ಚಿಟ್ಟು ಹಿಡಿಯಿತು. ಅಷ್ಟು ಚೆನ್ನಾಗಿ ಶುರುವಾದ ಪುಸ್ತಕ ಕೈಯಲ್ಲೇ ಸತ್ತುಹೋಯಿತು.

ಯಾಕೆ ಸತ್ತಿತು ಎಂಬುದು ನನಗೆ ಹನ್ನೊಂದನೇ ಅಧ್ಯಾಯದಲ್ಲೇ ಗೊತ್ತಾಗಿತ್ತು. ಕೆಂಪು ಪೆನ್ಸಿಲ್ ಹಿಡಿದುಕೊಂಡು ಆ ಮೂರು ಸಾಲಿನ ಪಕ್ಕ ಬಹಳ ಹೊತ್ತು ಕುಳಿತಿದ್ದೆ. ಗೀಟು ಎಳೆದರೆ ಅವರು ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಹೊರಟರೆ ರಾಣಿಯ ಗಂಡನ ಮಾತು ಮುಗಿದು ನೀಲವ್ವನ ಗಂಡನ ಮಾತು ಬರುತ್ತದೆ. ಆ ಹಾಳೆಯ ಮೇಲೆ ನನ್ನ ಸಹಿಯೂ ಇದೆ. ನನಗೆ ಆಗಷ್ಟೇ ಮದುವೆ ಗೊತ್ತಾಗಿತ್ತು. ಗೀಟು ಹಾಕಲಿಲ್ಲ.

ರಜೆ ಮುಗಿದು ಕಟ್ಟು ವಾಪಸು ಕೊಟ್ಟಾಗ ಅವರು ಒಂದೊಂದೇ ಪುಟ ತಿರುವಿ ನೋಡಿದರು. ಒಂದು ಕೆಂಪು ಗುರುತೂ ಇರಲಿಲ್ಲ.

"ಹನ್ನೊಂದು ಓದಿದ್ಯಾ?"

"ಓದಿದೆ ಮೇಡಂ."

"ಏನನ್ನಿಸ್ತು?"

"ಚೆನ್ನಾಗಿದೆ. ಸ್ವಲ್ಪ ಚಿಕ್ಕದಾಯ್ತೇನೋ."

"ಅಷ್ಟೇನಾ?"

"ಅಷ್ಟೇ ಮೇಡಂ."

ಅವರು ನನ್ನ ಮುಖವನ್ನೇ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ನಾನು ಅಳತೆಯ ಗೇಜು ಹುಡುಕುವವನಂತೆ ಡ್ರಾಯರ್ ಎಳೆದೆ. ಇವತ್ತು ಯೋಚಿಸಿದರೆ, ಆ ಹೊತ್ತಿನಲ್ಲಿ ನಾನು ಒಂದು ಮಾತು ಅಂದಿದ್ದರೆ ಮೇಡಂ ಅಂದೇ ಎದ್ದು ಯಜಮಾನರ ಕೋಣೆಗೆ ಹೋಗುತ್ತಿದ್ದರು ಎಂದು ನನಗೆ ಖಾತ್ರಿಯಿದೆ. ಅವರಿಗೆ ಬೇಕಾಗಿದ್ದದ್ದು ಒಬ್ಬ ಜೊತೆಗಾರ. ಅದಕ್ಕೇ ನಾನೂರು ಪುಟ ಬರೆದು ನನ್ನ ಮುಂದಿಟ್ಟಿದ್ದರೋ ಏನೋ.

ನವೆಂಬರಿನಲ್ಲಿ ರಾಜ್ಯೋತ್ಸವ. ಶಾಪ್ ಫ್ಲೋರಿನಲ್ಲೇ ಶಾಮಿಯಾನ, ಹಳದಿ ಕೆಂಪು ಬಾವುಟ, ಭುವನೇಶ್ವರಿಯ ಪಟ. ಎಲ್ಲ ಯಂತ್ರಗಳಿಗೂ ಹೂವು. ಆ ತೊಳೆಯುವ ಯಂತ್ರಕ್ಕೂ ಸೇವಂತಿಗೆ ಮಾಲೆ ಹಾಕಿದ್ದರು. ಯಜಮಾನರು ಅವಸರದಲ್ಲಿ ಅಚ್ಚಾಗಿ ಬಂದ ಮೇಡಂ ಕಾದಂಬರಿ 'ಧವಳ ಸಾಮ್ರಾಜ್ಞಿ'ಯನ್ನು ಬಿಡುಗಡೆ ಮಾಡಿ, ಇಂಥ ಶಿಸ್ತಿನ ಮಹಿಳೆ ನಮ್ಮ ಸಂಸ್ಥೆಯ ಹೆಮ್ಮೆ ಅಂದರು. ನಾನು ಕೃತಿ ಪರಿಚಯ ಮಾಡಿದೆ. ಕನ್ನಡ ಐತಿಹಾಸಿಕ ಕಾದಂಬರಿಗೆ ಹೊಸ ಆಯಾಮ, ಸ್ತ್ರೀಶಕ್ತಿಯ ಅನಾವರಣ, ಇತ್ಯಾದಿ ಇತ್ಯಾದಿ. ಹದಿನೈದು ನಿಮಿಷ ಮಾತಾಡಿದೆ. ಮೇಡಂ ತಲೆ ತಗ್ಗಿಸಿ ಕೂತಿದ್ದರು, ವಿನಯ ಎಂದು ಎಲ್ಲರೂ ತಿಳಿದರು. ಕಾರ್ಯಕ್ರಮ ಮುಗಿದ ಮೇಲೆ ಸಿಹಿಯ ಡಬ್ಬಿಯ ಜೊತೆ ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟರು. ವಾರದೊಳಗೆ ಆ ಪ್ರತಿಗಳು ಎಲ್ಲೆಲ್ಲೋ ಸೇರಿದವು. ಸೆಕ್ಯುರಿಟಿಯವನು ಒಂದನ್ನು ಅಲುಗಾಡುವ ಕುರ್ಚಿಯ ಕಾಲಿಗೆ ಕೊಟ್ಟಿದ್ದ. ಮ್ಯಾನೇಜರು ಇನ್ನೊಂದರ ಮೇಲೆ ಚಹಾದ ಲೋಟ ಇಡುತ್ತಿದ್ದರು.

ಪೂರ್ತಿ ಓದಿದ್ದು ನೀಲವ್ವ. ಹತ್ತನೇ ಕ್ಲಾಸು ಮುಗಿಸಿದ್ದವಳು. ಕೋಣೆಯಲ್ಲಿ ಟಿವಿ ಇರಲಿಲ್ಲ, ಗಂಡನೂ ಇರಲಿಲ್ಲ. ಮೂರು ವಾರ ಹಿಡಿದು ಓದಿದಳಂತೆ. ಒಂದು ಬೆಳಿಗ್ಗೆ ಚಹಾ ತಂದು ಮೇಡಂ ಟೇಬಲ್ ಮೇಲಿಟ್ಟು ಅಲ್ಲೇ ನಿಂತಳು. ಪಕ್ಕದ ಟೇಬಲ್ಲಿನಲ್ಲಿ ನಾನಿದ್ದೆ.

"ಅಕ್ಕಾರ, ನಿಮ್ಮ ಬುಕ್ಕ ಓದಿದ್ನಿರೀ."

ಮೇಡಂ ತಲೆಯೆತ್ತಿದರು. ಆ ಕಾರ್ಖಾನೆಯಲ್ಲಿ ಯಾರೂ ಅವರಿಗೆ ಈ ಮಾತು ಹೇಳಿರಲಿಲ್ಲ. ಮುಖ ಒಂದು ಕ್ಷಣ ಅರಳಿತು. "ಹೌದೇನಮ್ಮ? ಹೇಗನ್ನಿಸ್ತು?"

"ಚಲೋ ಐತ್ರೀ. ಒಂದ ಮಾತು ತಿಳೀಲಿಲ್ರೀ. ಆ ರಾಜಾ ಹ್ಯಾಂಗ ಸತ್ತಾ?"

"ಬರೆದಿದೆಯಲ್ಲ... ಹೊಟ್ಟೆನೋವು ಬಂದು."

"ಅದನ್ನ ಓದಿದ್ನಿರೀ. ಆದ್ರ ಮುಂಜಾನಿ ಗಟ್ಟಿ ಇದ್ದ ಮನಶ್ಯಾ, ಒಂದ ಹೊಟ್ಟಿ ಬ್ಯಾನಿಗೆ ಹಂಗ ಸಾಯ್ತಾನೇನ್ರೀ?"

"ದಾಖಲೇಲಿ ಹಾಗಿದೆಯಮ್ಮ."

"ಬರಿಯಾವ್ರು ಬರೀತಾರ್ರೀ. ಆಕಿಗೆ ಖರೇ ಗೊತ್ತಿರಲಿಲ್ಲೇನ್ರೀ? ಆಕಿ ಅಷ್ಟ ಶ್ಯಾಣೇಕಿ ಅಂತ ಬರದೀರಿ, ನನ್ನ ಗಂಡಗ ಏನಾತು ಅಂತ ಒಬ್ಬರ್ನೂ ಕೇಳ್ಲಿಲ್ಲಲ್ರೀ ಆಕಿ?" ಅವಳ ಧ್ವನಿಯಲ್ಲಿ ಕುಹಕವಿರಲಿಲ್ಲ, ಅದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಕಥೆ ಓದಿದವಳೊಬ್ಬಳು ಕಥೆ ಬರೆದವರನ್ನು ಕೇಳುತ್ತಿದ್ದಳು. "ನಾನಾಗಿದ್ರ ಕೇಳ್ತಿದ್ನಿರೀ. ನಾ ಎಲ್ಲಾರ್ನೂ ಕೇಳಿನ್ರೀ."

ಖಾಲಿ ಲೋಟ ತೆಗೆದುಕೊಂಡು ಅವಳು ಹೋದಳು. ಮೇಡಂ ಕೈ ಟೇಬಲ್ ಮೇಲೆ ಹಾಗೇ ಇತ್ತು. ಮೊದಲ ಪೀಸುಗಳು ಬಂದು ಟ್ರೇಯಲ್ಲಿ ಸಾಲಾಗಿ ಕೂತವು. ಅವರು ಒಂದನ್ನೂ ಮುಟ್ಟಲಿಲ್ಲ. ಒಂದು ಗಂಟೆ ಯಾವ ಯಂತ್ರವೂ ಶುರುವಾಗಲಿಲ್ಲ. ಮ್ಯಾನೇಜರು ಬಂದು ಕೂಗಾಡಿದರು. ಮೇಡಂ ನನ್ನ ಕಡೆ ತಿರುಗಿ, "ನೀನೇ ಸಹಿ ಹಾಕಪ್ಪ. ನನ್ನ ಸಹಿಗೆ ಅರ್ಥ ಇಲ್ಲ," ಎಂದು ಎದ್ದು ಹೋದರು. ಆ ತಿಂಗಳ ಕೊನೆಗೆ ರಾಜೀನಾಮೆ ಕೊಟ್ಟರು. ಬೀಳ್ಕೊಡುಗೆ ಬೇಡ ಅಂದರು.

ಆಮೇಲಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ನಾಲ್ಕೈದು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು. "ಹನ್ನೊಂದನ್ನ ಹೊಸದಾಗಿ ಬರೆದಿದ್ದೀನಿ. ಬಾರೋ, ಓದು." ಬರ್ತೀನಿ ಮೇಡಂ ಅನ್ನುತ್ತಿದ್ದೆ. ಮದುವೆ, ಮಗು, ಆಡಿಟ್, ಒಂದಲ್ಲ ಒಂದು ನೆಪ. ಹತ್ತು ನಿಮಿಷದ ದಾರಿ ಅದು. ಕರೆದದ್ದು ಬರೀ ಓದುವುದಕ್ಕಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ವರ್ಷದ ಮೇಲೆ ಕಾರ್ಖಾನೆಯ ಜಾಗ ಗಾಜಿನ ಕಟ್ಟಡದವರಿಗೆ ಹೋಯಿತು, ನಾವು ಅತ್ತಿಬೆಲೆಗೆ ಹೋದೆವು. ಈಗ ಟ್ರಾಫಿಕ್ ಎಂಬ ಹೊಸ ನೆಪ ಸಿಕ್ಕಿತು. ನೀಲವ್ವ ಅತ್ತಿಬೆಲೆಗೆ ಬರಲಿಲ್ಲ, ಪಕ್ಕದ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಸೇರಿದಳು ಎಂದು ಕೇಳಿದೆ. ಮೇಡಂ ಫೋನ್ ಮಾಡುವುದನ್ನು ಬಿಟ್ಟರು. ನನಗೆ ಹಗುರವಾಯಿತು. ಹೌದು, ಹಗುರವೇ ಆಯಿತು.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಹೇಳಿದ್ದು ನೀಲವ್ವ. ಫೋನಿನಲ್ಲಿ ಇಷ್ಟೇ ಹೇಳಿದಳು: "ಅಕ್ಕಾರು ಹ್ವಾದ್ರುರೀ. ನಿನ್ನೆ ಎಲ್ಲಾ ಮುಗೀತು." ಮುಂದಿನ ಭಾನುವಾರ ಬೆಳಿಗ್ಗೆ ಹೋದೆ. ಬಾಗಿಲು ತೆರೆದದ್ದೂ ಅವಳೇ. ಕೊನೆಯ ಎರಡು ವರ್ಷ ಮೇಡಂ ಹಾಸಿಗೆ ಹಿಡಿದಿದ್ದರು, ಇವಳು ಜೊತೆಯಲ್ಲಿದ್ದು ನೋಡಿಕೊಂಡಿದ್ದಳು. ಅದೂ ನನಗೆ ಗೊತ್ತಿರಲಿಲ್ಲ.

ಕೇಳುವ ಮೊದಲೇ ಅವಳು ಹಸ್ತಪ್ರತಿ ತಂದಿಟ್ಟಳು. ಹೊಸ ಹನ್ನೊಂದನೇ ಅಧ್ಯಾಯ, ಹದಿನಾಲ್ಕು ಪುಟ. ಅಲ್ಲೇ ಕೂತು ಓದಿದೆ. ಸೆರೆಮನೆಯಿಂದ ಒಂದು ಚೀಟಿ ಬರುತ್ತದೆ, ಕೊಂದವನೇ ಬರೆದದ್ದು. ರಾಣಿ ಓದುತ್ತಾಳೆ. ಅಳುವುದಿಲ್ಲ. ಇದು ಇನ್ನು ಯಾರಿಗೆ ಗೊತ್ತು ಎಂದು ಕೇಳುತ್ತಾಳೆ. ಚೀಟಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ, ಹೊಟ್ಟೆನೋವು ಎಂದು ಬರೆಯಿರಿ ಅನ್ನುತ್ತಾಳೆ. ಆಮೇಲೆ ಮೂವತ್ತು ಚಿಲ್ಲರೆ ವರ್ಷ ಆ ಡ್ರಾಯರಿರುವ ಟೇಬಲ್ಲಿನಲ್ಲಿ ಕೂತೇ ಕೆಲಸ ಮಾಡುತ್ತಾಳೆ. ನಾನು ಕನ್ನಡದಲ್ಲಿ ಓದಿದ ಅತ್ಯುತ್ತಮ ಹದಿನಾಲ್ಕು ಪುಟಗಳಲ್ಲಿ ಅವು ಸೇರುತ್ತವೆ. ಮೊದಲ ಸಲವೇ ನಾನೊಂದು ಗೀಟು ಎಳೆದಿದ್ದರೆ ಅವು ಪುಸ್ತಕದಲ್ಲಿರುತ್ತಿದ್ದವು.

"ಬುಕ್ಕ ಬಂದ ಮರುತಿಂಗಳ ನನ್ನ ಖೋಲಿಗೆ ಬಂದಿದ್ರುರೀ," ನೀಲವ್ವ ಗೋಡೆಗೆ ಒರಗಿ ನಿಂತು ಹೇಳಿದಳು. "ಎಲ್ಲಾ ಹೇಳಿದ್ರು. ಕೆಂಪ ಶಾಯಿ, ನೀಲಿ ಶಾಯಿ, ಎಲ್ಲಾ. ಕಾಲ ಹಿಡಿಯಾಕ ಬಂದ್ರುರೀ, ನಾ ಸರದೆ."

ನಾನು ಹಸ್ತಪ್ರತಿಯನ್ನು ಕೆಳಗಿಟ್ಟೆ. "ನನ್ನ ವಿಷ್ಯ..."

"ನಿಮ್ಮ ಸಹಿನೂ ಐತಿ ಅಂತನೂ ಹೇಳಿದ್ರು."

ಅವಳು ಒಳಗೆ ಹೋಗಿ ಒಂದು ಹಾಳೆ ತಂದಳು. ಮೇಡಂ ಅಕ್ಷರ. ಸೋಮವಾರದಿಂದ ಶುಕ್ರವಾರದವರೆಗೆ ನಡೆದದ್ದು ಅಷ್ಟೂ ಇತ್ತು, ಕಡೆಯಲ್ಲಿ ಅವರ ಸಹಿ. ಅದರ ಪಕ್ಕ ಇನ್ನೊಂದು ಸಹಿಗೆ ಜಾಗ ಖಾಲಿಯಿತ್ತು.

"ವಕೀಲರ ಹಂತ್ಯಾಕ ಕರಕೊಂಡ್ ಹೋಗಿದ್ರುರೀ. ಕಂಪನಿ ಹಾಳಿ ಮ್ಯಾಲ ಇಬ್ಬರ ಸಹಿ ಐತಿ, ಒಬ್ಬರು ಹೇಳಿದ್ರ ನಿಲ್ಲಂಗಿಲ್ಲ, ಇನ್ನೊಬ್ಬರ್ನ ಕರಕೊಂಡ್ ಬರ್ರಿ ಅಂದ್ರು ವಕೀಲರು. ನಾ ಹೋಗಿ ಕೇಳ್ತೀನಿ ಅಂದ್ನಿ. ಅಕ್ಕಾರು ಬ್ಯಾಡ ಅಂದ್ರು. ಕೇಳಿದ್ರ ಅವ ಇಲ್ಲ ಅಂತಾನ, ಒಮ್ಮೆ ಇಲ್ಲ ಅಂದ್ರ ಮುಗೀತು, ಬುಕ್ಕ ಓದಾಕಂತ ನಾ ಕರೀತೀನಿ, ಸಹಿ ಮಾತು ತಾನಾಗೇ ತಗೀಲಿ ಅಂದ್ರು. ಕರದ್ರುರೀ. ನೀವು ಬರ್ಲಿಲ್ಲ." ಹಾಳೆಯನ್ನು ನನ್ನ ಮುಂದಿಟ್ಟು ಸೇರಿಸಿದಳು, "ಅತ್ತಿ ಹ್ವಾದ ವರ್ಷ ಸತ್ಲುರೀ. ಸಾಯೂ ತನಕಾ, ನನ್ನ ಮಗನ್ನ ಕೊಂದಾಕಿ ಇಕಿನ ಅಂತಿದ್ಲು."

ನಾನು ಏನಾದರೂ ಹೇಳಬೇಕಿತ್ತು. ಹೇಳಿದ್ದು ಇದು: "ಈಗ ಸಹಿ ಹಾಕಿದ್ರೆ ಏನಾದ್ರೂ ಉಪಯೋಗ ಆಗುತ್ತಾ ನೀಲವ್ವ?"

"ಉಪಯೋಗ ನೋಡಿ ಹಾಕೂದಾದ್ರ ಬ್ಯಾಡ್ರೀ ಸರ್ರ. ಹಂಗ ಇರ್ಲಿ."

ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದೆ. ಅವಸರಕ್ಕೆ ಅಕ್ಷರ ಸೊಟ್ಟಗಾಯಿತು. ಅವಳು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ನನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅವಳ ಮುಖದಲ್ಲಿ ಸಂತೋಷ ಕಾಣಲಿಲ್ಲ, ಸಿಟ್ಟೂ ಕಾಣಲಿಲ್ಲ. ಆಮೇಲೆ ನನ್ನ ಕೈಯಲ್ಲಿದ್ದ ಪೆನ್ನನ್ನು ನೋಡಿದಳು.

"ಅಕ್ಕಾರು ಹೇಳಿದ ಮ್ಯಾಲ ನಾಕ ವರ್ಷ ನಿಮ್ಮ ಟೇಬಲ್ ಒರಸೀನ್ರೀ ಸರ್ರ," ಎಂದಳು. "ದಿನಾ ಅದರ ಮ್ಯಾಲ ಪೆನ್ನು ಇರ್ತಿತ್ತು."